ಶಾಸನದಿಂದ ಆಡುಮಾತಿಗೆ: ಡೆಕ್ಕನ್ ಕಾಲೇಜಿನ ಕನ್ನಡ ಸಂಶೋಧನೆ

1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಪುನರಾರಂಭಗೊಂಡ ಪುಣೆಯ ಡೆಕ್ಕನ್ ಕಾಲೇಜು ಕನ್ನಡ ಭಾಷಾವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಮುಖ್ಯ ನೆಲೆಯಾಯಿತು. ಜಿ.ಎಸ್. ಗಾಯಿಯವರು 8ರಿಂದ 10ನೆಯ ಶತಮಾನದವರೆಗಿನ ಶಾಸನಗಳನ್ನು ಆಧರಿಸಿ ರಚಿಸಿದ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ಅದು 1946ರಲ್ಲಿ ಪ್ರಕಟಿಸಿತು. ಎರಡು ದಶಕಗಳ ತರುವಾಯ ಅಲ್ಲಿನ ಸಂಶೋಧನೆ ಆಡುಮಾತಿನತ್ತ ಹೊರಳಿತು. ಹಾಲಕ್ಕಿ ಕನ್ನಡದ ಅಧ್ಯಯನ 1967ರಲ್ಲಿಯೂ ನಂಜನಗೂಡು, ಗುಲ್ಬರ್ಗಾ ಕನ್ನಡಗಳ ಅಧ್ಯಯನಗಳು 1968ರಲ್ಲಿಯೂ ಹೊರಬಂದವು.

ಇದು ಕೇವಲ ಆಕರಗಳ ಬದಲಾವಣೆಯಲ್ಲ. ಅಕ್ಷರವರಿಯದ ವಕ್ತೃವೂ ಭಾಷೆಗೆ ಪ್ರಮಾಣವೆಂಬುದು ಇದರಿಂದ ಸ್ಥಾಪಿತವಾಯಿತು. ಜನಪದ ಗೀತೆಗಳನ್ನು ಶಿಷ್ಟ ಕನ್ನಡಕ್ಕೆ ತಿದ್ದಿ ಅಚ್ಚು ಹಾಕಿಸಿದ ಸಂಗ್ರಾಹಕರು ಈ ಪ್ರಮಾಣವನ್ನೇ ಅಳಿಸಿದರು. ಹಾಡಿದವರ ಉಚ್ಚಾರಣೆಯನ್ನು ಇದ್ದಂತೆಯೇ ದಾಖಲಿಸುವ ಶಿಸ್ತನ್ನು ಜಾನಪದ ಸಂಶೋಧಕರೂ ಭಾಷಾವಿಜ್ಞಾನದಿಂದ ಕಲಿಯಬೇಕಾಗಿದೆ.