ಮೌಂಟನ್ ಬೈಕ್‌ನ ಗೇರ್ ಮತ್ತು ಬ್ರೇಕ್ ಶ್ರೇಣಿಗಳು

ಮೌಂಟನ್ ಬೈಕ್ ಎಂಬುದು ಗುಡ್ಡ, ಕಾಲುದಾರಿ ಹಾಗೂ ಕಚ್ಚಾರಸ್ತೆಗಳಲ್ಲಿ ಓಡಿಸಲು ರೂಪಿಸಲಾದ ಬೈಸಿಕಲ್. ಪೆಡಲ್, ಸರಪಳಿ, ಹಲ್ಲುಚಕ್ರಗಳು ಮತ್ತು ಸರಪಳಿಯನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಸೇರಿ ಇದರ ಚಾಲನಾ ವ್ಯವಸ್ಥೆಯಾಗುತ್ತದೆ. ಫ್ರೇಮಿನ ಜೊತೆಗೆ ಈ ವ್ಯವಸ್ಥೆ ಮತ್ತು ಬ್ರೇಕುಗಳ ದರ್ಜೆಯು ಸೈಕಲ್ಲಿನ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ತಯಾರಕರು ಮತ್ತು ಶ್ರೇಣಿಗಳು

೧೯೨೧ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಆರಂಭವಾದ ಶಿಮಾನೊ ಮತ್ತು ೧೯೮೭ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಆರಂಭವಾದ ಸ್ರ್ಯಾಮ್ ಪ್ರಮುಖ ತಯಾರಕರು. ಶಿಮಾನೊದ ಶ್ರೇಣಿಗಳು ಕೆಳಗಿನಿಂದ ಮೇಲಕ್ಕೆ ಟೂರ್ನಿ, ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್, ಎಸ್‌ಎಲ್‌ಎಕ್ಸ್, ಡಿಯೋರ್ ಎಕ್ಸ್‌ಟಿ ಮತ್ತು ಎಕ್ಸ್‌ಟಿಆರ್. ೨೦೨೩ರಲ್ಲಿ ಬಂದ ಕ್ಯೂಸ್ ಶ್ರೇಣಿಯು ಆಲ್ಟಸ್, ಅಸೆರಾ, ಅಲಿವಿಯೊಗಳ ಸ್ಥಾನವನ್ನು ತುಂಬತೊಡಗಿತು. ಸ್ರ್ಯಾಮ್ ೨೦೧೬ರಲ್ಲಿ ೧೨ ವೇಗಗಳ ಈಗಲ್ ಶ್ರೇಣಿಯನ್ನು ಹೊರತಂದಿತು.

ಗೇರುಗಳ ಹೋಲಿಕೆ

ಮುಂದಿನ ಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನದರಿಂದ ಭಾಗಿಸಿದರೆ ಗೇರಿನ ಅನುಪಾತ ದೊರೆಯುತ್ತದೆ. ಅನುಪಾತ ಕಡಿಮೆಯಾದಷ್ಟೂ ಏರು ಹತ್ತುವುದು ಸುಲಭ. ಕರ್ನಾಟಕದಲ್ಲಿ ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ವಿತರಿಸಲಾದ ಉಚಿತ ಸೈಕಲ್ಲುಗಳು ಒಂದೇ ಗೇರಿನವು. ಇಂತಹ ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ ೪೪, ಹಿಂದೆ ೧೮ ಹಲ್ಲುಗಳಿದ್ದರೆ ಅನುಪಾತ ೨.೪೪. ಮುಂದೆ ಮೂರು ಚಕ್ರಗಳಿರುವ ಅಲಿವಿಯೊ ದರ್ಜೆಯಲ್ಲಿ ಕನಿಷ್ಠ ಅನುಪಾತ ೨೨/೩೬, ಅಂದರೆ ೦.೬೧. ಮುಂದೆ ಒಂದೇ ಚಕ್ರವಿರುವ ೧೨ ವೇಗಗಳ ಡಿಯೋರ್‌ನಲ್ಲಿ ಅದು ೩೨/೫೧, ಅಂದರೆ ೦.೬೩. ಹೀಗಾಗಿ ಏರು ಹತ್ತುವ ಅನುಕೂಲದಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ.

ಹೆಚ್ಚಿನ ಬೆಲೆಯ ಪ್ರಯೋಜನ ಬೇರೆಡೆ ಇದೆ. ಡಿಯೋರ್ ದರ್ಜೆಯ ಡಿರೈಲರ್‌ನಲ್ಲಿರುವ ಕ್ಲಚ್, ಕುಲುಕಾಟದಲ್ಲಿ ಸರಪಳಿ ಸಡಿಲಗೊಂಡು ಕಳಚುವುದನ್ನು ತಡೆಯುತ್ತದೆ. ಅಗ್ಗದ ಸೈಕಲ್ಲುಗಳಲ್ಲಿ ತಿರುಪಿನಿಂದ ಕೂರಿಸುವ ಫ್ರೀವೀಲ್ ಇರುತ್ತದೆ. ಅದರಲ್ಲಿ ಬೇರಿಂಗು ಅಚ್ಚಿನ ತುದಿಯಿಂದ ಒಳಗೆ ಇರುವುದರಿಂದ ಭಾರಕ್ಕೆ ಅಚ್ಚು ಬಾಗುವ ಸಂಭವ ಹೆಚ್ಚು. ಮೇಲಿನ ದರ್ಜೆಗಳ ಫ್ರೀಹಬ್‌ನಲ್ಲಿ ಬೇರಿಂಗು ತುದಿಗೆ ಹತ್ತಿರವಿರುವುದರಿಂದ ಈ ದೋಷ ಕಡಿಮೆ. ಎಕ್ಸ್‌ಟಿಯಿಂದ ಎಕ್ಸ್‌ಟಿಆರ್‌ಗೆ ಹೋದಾಗ ಮುಖ್ಯವಾಗಿ ಇಳಿಯುವುದು ತೂಕ.

ಬ್ರೇಕುಗಳು

* ವಿ-ಬ್ರೇಕ್: ರಬ್ಬರಿನ ಪ್ಯಾಡುಗಳು ರಿಮ್ಮನ್ನೇ ಒತ್ತುತ್ತವೆ. ದುರಸ್ತಿ ಸುಲಭ, ಆದರೆ ರಿಮ್ ಒದ್ದೆಯಾದಾಗ ಹಿಡಿತ ಕುಗ್ಗುತ್ತದೆ.
* ಕೇಬಲ್ ಡಿಸ್ಕ್ ಬ್ರೇಕ್: ಗಾಲಿಯ ನಡುವಿನ ಉಕ್ಕಿನ ತಟ್ಟೆಯನ್ನು ಪ್ಯಾಡುಗಳು ಹಿಡಿಯುತ್ತವೆ. ಪ್ಯಾಡು ಸವೆದಂತೆ ಕೈಯಿಂದ ಸರಿಹೊಂದಿಸಬೇಕು.
* ಹೈಡ್ರಾಲಿಕ್ ಡಿಸ್ಕ್ ಬ್ರೇಕ್: ಕೇಬಲ್ ಬದಲು ದ್ರವವು ಒತ್ತಡವನ್ನು ಸಾಗಿಸುತ್ತದೆ. ಒಂದೆರಡು ಬೆರಳಿನ ಬಲ ಸಾಕು. ಪ್ಯಾಡಿನ ಸವೆತ ತಾನಾಗಿ ಸರಿದೂಗುತ್ತದೆ.

ಶಿಮಾನೊ ಬ್ರೇಕುಗಳಿಗೆ ಖನಿಜ ತೈಲವನ್ನು ಮಾತ್ರ ಬಳಸಬೇಕು. ಅನೇಕ ಸ್ರ್ಯಾಮ್ ಬ್ರೇಕುಗಳಿಗೆ ಡಾಟ್ ದ್ರವ ಬೇಕು. ಒಂದರ ಬದಲು ಇನ್ನೊಂದನ್ನು ಹಾಕಿದರೆ ಒಳಗಿನ ಸೀಲುಗಳು ಹಾಳಾಗಿ ಬ್ರೇಕ್ ವಿಫಲವಾಗಬಹುದು. ಶಿಮಾನೊದ ಕೆಳದರ್ಜೆಯ ತಟ್ಟೆಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂಬ ಸೂಚನೆ ಇರುತ್ತದೆ. ಅವುಗಳಿಗೆ ಲೋಹದ ಪ್ಯಾಡ್ ಹಾಕಿದರೆ ತಟ್ಟೆ ಬೇಗ ಸವೆಯುತ್ತದೆ.

ಆಯ್ಕೆ ಮತ್ತು ನಿರ್ವಹಣೆ

ಬೆಳಗಾವಿ ಜಿಲ್ಲೆಯ ಕಿತ್ತೂರು ಬಳಿಯ ದೇಗಾಂವದಿಂದ ಬೈಲಹೊಂಗಲ, ಸವದತ್ತಿಗಳ ಕಡೆ ಸಾಗಿದಂತೆ ಎರೆಭೂಮಿ ಹರಡಿಕೊಂಡಿದೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ವಿ-ಬ್ರೇಕಿನ ಸಂದಿಯಲ್ಲಿ ಕಟ್ಟುತ್ತದೆ. ಅದರೊಳಗಿನ ಹರಳು ರಿಮ್ಮನ್ನು ಸವೆಸುತ್ತದೆ. ಇಂತಹ ಕಡೆ ಡಿಸ್ಕ್ ಬ್ರೇಕ್ ಹೆಚ್ಚು ಸುರಕ್ಷಿತ. ಆದರೆ ಹೈಡ್ರಾಲಿಕ್ ಬ್ರೇಕಿನ ಗಾಳಿ ತೆಗೆಯಲು ವಿಶೇಷ ಸಲಕರಣೆ ಬೇಕಾಗುತ್ತದೆ. ಅದು ಹತ್ತಿರದಲ್ಲಿ ಸಿಗದಿದ್ದರೆ ಕೇಬಲ್ ಡಿಸ್ಕ್ ಬ್ರೇಕ್ ವ್ಯಾವಹಾರಿಕ ಆಯ್ಕೆಯಾಗುತ್ತದೆ.

ಸರಪಳಿಯು ಸವೆದು ಉದ್ದವಾಗುವುದನ್ನು ಅಳತೆಪಟ್ಟಿಯಿಂದ ಪರೀಕ್ಷಿಸಬಹುದು. ೧೧ ಮತ್ತು ೧೨ ವೇಗಗಳ ಸರಪಳಿಯನ್ನು ಶೇ. ೦.೫ರಷ್ಟು, ಅದಕ್ಕಿಂತ ಕಡಿಮೆ ವೇಗಗಳದ್ದನ್ನು ಶೇ. ೦.೭೫ರಷ್ಟು ಹಿಗ್ಗಿದಾಗ ಬದಲಿಸುವುದು ವಾಡಿಕೆ. ತಡಮಾಡಿದರೆ ಹಲ್ಲುಚಕ್ರಗಳೂ ಸವೆಯುತ್ತವೆ. ಮೇಲಿನ ದರ್ಜೆಗಳಲ್ಲಿ ಅವುಗಳ ಬೆಲೆ ಹೆಚ್ಚಿರುವುದರಿಂದ ಈ ಖರ್ಚನ್ನೂ ಕೊಳ್ಳುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಣ ಮಿತವಾಗಿದ್ದಲ್ಲಿ ಮೊದಲ ಆದ್ಯತೆ ಬ್ರೇಕಿಗೆ, ನಂತರ ಫ್ರೀಹಬ್ ಇರುವ ಹಿಂಬದಿ ಗಾಲಿಗೆ, ಕೊನೆಗೆ ಡಿರೈಲರ್‌ನ ದರ್ಜೆಗೆ ಸಲ್ಲುತ್ತದೆ.