ಜವಳಗೇರಾ ಸೀಮೆಯ ಶಾಲೆಯೂ ರಾಜ್ಯದ ಕಾಯದೆಯೂ

ಅನ್ನದಾನವು ಒಂದು ಹೊತ್ತಿನ ಹಸಿವೆಯನ್ನು ಕಳೆಯುವದು. ವಿದ್ಯಾದಾನವು ಒಂದು ಜನ್ಮದ ಕತ್ತಲೆಯನ್ನು ಕಳೆಯುವದು. ಈ ಎರಡೂ ದಾನಗಳನ್ನು ಕನ್ನಡ ನಾಡಿನ ಮಠಗಳು ಬಹು ಕಾಲದಿಂದ ಒಂದೇ ಸೂರಿನ ಕೆಳಗೆ ನಡೆಸುತ್ತ ಬಂದಿವೆ. ಮಠದ ಪಂಕ್ತಿಯಲ್ಲಿ ಕುಳಿತ ಬಾಲಕನನ್ನು “ನೀನು ಏನು ತಂದಿರುವೆ?” ಎಂದು ಯಾರೂ ಕೇಳುವದಿಲ್ಲ. ಆದರೆ ರಾಜ್ಯದ ಬೊಕ್ಕಸವು ಪ್ರಜೆಗಳು ತೆತ್ತ ತೆರಿಗೆಯಿಂದ ತುಂಬಿದುದಾದುದರಿಂದ, ಅದು ಹಣ ಕೊಡುವಾಗ ಎರಡು ಪ್ರಶ್ನೆಗಳನ್ನು ಕೇಳಲೇಬೇಕಾಗುವದು. ಯಾವ ಶಾಲೆಗೆ ಕೊಡತಕ್ಕದ್ದು? ಆ ಶಾಲೆಯಲ್ಲಿ ಯಾರು ಕುಳಿತುಕೊಳ್ಳತಕ್ಕದ್ದು? ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳೇ ಶಾಲಾ ಕಾಯದೆಗಳ ಇತಿಹಾಸವು. ಆ ಇತಿಹಾಸವು ಜವಳಗೇರಾ ಸೀಮೆಯ ಮಕ್ಕಳ ಬಾಳಿನಲ್ಲಿ ಎಂತು ಪ್ರತಿಫಲಿಸಿತೆಂಬುದು ಮಠದ ಸದ್ಭಕ್ತರು ಅರಿತಿರಬೇಕಾದ ವಿಷಯವು.

ಜವಳಗೇರಾ ಗ್ರಾಮವು ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮೇಲಿರುವದು. ಕೃಷ್ಣಾ ತುಂಗಭದ್ರೆಯರ ನಡುವಿನ ಈ ಭೂಮಿಯನ್ನು ಪೂರ್ವದ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಸಮೀಪದ ಮಸ್ಕಿಯ ಬಂಡೆಗಲ್ಲಿನ ಮೇಲೆ ಅಶೋಕನ ಶಾಸನವು 1915 ರಲ್ಲಿ ಬೆಳಕಿಗೆ ಬಂದಿತು. ಆ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಾಸನವೆಂದು ಅದು ಲೋಕವಿಖ್ಯಾತವಾಯಿತು. ಪ್ರಜೆಗಳಿಗೆ ಧರ್ಮವನ್ನು ಅಕ್ಷರರೂಪದಲ್ಲಿ ತಿಳಿಸಲು ಹವಣಿಸಿದ ಅರಸನ ಮಾತು ನಿಂತ ನೆಲದಲ್ಲಿಯೇ, ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಾಲ ಕಳೆದ ಮೇಲೆಯೂ ಒಕ್ಕಲು ಮಕ್ಕಳಿಗೆ ಅಕ್ಷರವು ಎಟುಕದೆ ಹೋಯಿತೆಂಬುದು ವಿಧಿಯ ವಿಚಿತ್ರವು.

ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. 1853 ರ ಕರಾರಿನಿಂದ ರಾಯಚೂರು ದೋ-ಆಬು ಇಂಗ್ಲಿಷರ ಆಡಳಿತಕ್ಕೆ ಹೋಗಿ, 1860 ರಲ್ಲಿ ಮರಳಿ ನಿಜಾಮರ ವಶವಾಯಿತು. 1905 ರ ವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿದ್ದು, ಅನಂತರ ಈ ಭಾಗವೆಲ್ಲವೂ ರಾಯಚೂರು ಜಿಲ್ಲೆಯಲ್ಲಿ ಲೀನವಾಯಿತು. ದರಬಾರಿನ ಭಾಷೆಯು ಮೊದಲು ಪಾರಸಿ, ಬಳಿಕ ಉರ್ದು. 1918 ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಶಿಕ್ಷಣವನ್ನು ಇಂಗ್ಲಿಷಿನ ಬದಲು ಒಂದು ದೇಶಭಾಷೆಯಲ್ಲಿ ಕೊಟ್ಟಿತೆಂಬುದು ಹಿಂದುಸ್ಥಾನದಲ್ಲಿಯೇ ಹೊಸ ಸಾಹಸವಾಗಿದ್ದಿತು, ಅದನ್ನು ಮೆಚ್ಚತಕ್ಕದ್ದೇ. ಆದರೆ ಆ ದೇಶಭಾಷೆಯು ಜವಳಗೇರಾದ ಒಕ್ಕಲಿಗನ ಮನೆಯ ಭಾಷೆಯಾಗಿರಲಿಲ್ಲ. ಕನ್ನಡ ಬಾಲಕನು ಶಾಲೆಗೆ ಬರಕೂಡದೆಂದು ಯಾವ ಕಾಯದೆಯಲ್ಲಿಯೂ ಬರೆದಿರಲಿಲ್ಲ. ಆದರೂ ತಾಯಿಯಿಂದ ಕಲಿತ ಮಾತನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರಬೇಕಾದ ಶಾಲೆಯು ಅವನಿಗೆ ಅರ್ಧ ಮುಚ್ಚಿದ ಬಾಗಿಲೇ ಆಗಿದ್ದಿತು. ಜನರು ತಾವಾಗಿ ಖಾಸಗಿ ಶಾಲೆಯನ್ನು ತೆರೆಯಬೇಕೆಂದರೆ ಸರಕಾರದ ಪೂರ್ವಾನುಮತಿ ಬೇಕಾಗುತ್ತಿದ್ದಿತು. ಸರಕಾರಿ ನೌಕರಿಗಾದರೋ ಮುಲ್ಕಿ ನಿಯಮವಿದ್ದಿತು. ಸಂಸ್ಥಾನದಲ್ಲಿ ಹುಟ್ಟಿದವನು ಅಥವಾ ಹದಿನೈದು ವರ್ಷ ನೆಲಸಿದವನು ಮುಲ್ಕಿ ಎನಿಸುತ್ತಿದ್ದನು. ನೆಲದ ಮಕ್ಕಳಿಗೆ ಮೊದಲ ಹಕ್ಕೆಂಬ ಆ ನಿಯಮವು ಕಾಗದದ ಮೇಲೆ ಜವಳಗೇರಾದವನಿಗೂ ಸಲ್ಲುತ್ತಿದ್ದಿತು. ಆದರೆ ಓದಿಲ್ಲದವನಿಗೆ ಮುಲ್ಕಿತನದಿಂದ ಏನು ಪ್ರಯೋಜನ?

ಕೃಷ್ಣೆಯ ಆಚೆಯ ದಡದಲ್ಲಿ ಬೇರೊಂದು ಕಥೆ ನಡೆಯುತ್ತಿದ್ದಿತು. 1854 ರ ವುಡ್ಡನ ಶಿಕ್ಷಣ ಖಲೀತೆಯು ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನವನ್ನು ಕೊಡುವ ಪದ್ಧತಿಗೆ ಬುನಾದಿ ಹಾಕಿತು. ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆಗಳನ್ನು ತೆರೆಯಿಸಿದರು. 1916 ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಟಿ ಜನ್ಮ ತಾಳಿತು. ಮೈಸೂರು ಸಂಸ್ಥಾನವು 1913 ರಲ್ಲಿಯೇ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಶನ್ನನ್ನು ಜಾರಿಗೆ ತಂದು, ಗೊತ್ತುಪಡಿಸಿದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. 1918 ರಲ್ಲಿ ಮುಂಬಯಿಯಲ್ಲಿ ವಿಠ್ಠಲಭಾಯಿ ಪಟೇಲರ ಕಾಯದೆ ಬಂದಿತು. ಒಂದೇ ಭಾಷೆ, ಒಂದೇ ಕುಲಾಚಾರ, ಒಂದೇ ಬೆಳೆಯ ಜನರು ನದಿಯ ಈ ದಡ ಆ ದಡಗಳಲ್ಲಿ ಹುಟ್ಟಿದ ಮಾತ್ರಕ್ಕೆ ವಿದ್ಯೆಯಲ್ಲಿ ಬೇರೆಯಾದರು. ಜನರ ಹಿಂದುಳಿದಿರುವಿಕೆಗೆ ಅವರ ಸೋಮಾರಿತನವೇ ಕಾರಣವೆಂದು ಹೇಳುವವರು ಈ ಸಂಗತಿಯನ್ನು ಚೆನ್ನಾಗಿ ಮನನ ಮಾಡತಕ್ಕದ್ದು.

ಸರಕಾರದ ಕೈ ಎಟುಕದಲ್ಲಿ ಸಮಾಜದ ಕೈ ಚಾಚಿತು. ಕಲಬುರ್ಗಿಯಲ್ಲಿ 1907 ರಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮದರ್ದ್ ಶಾಲೆಯನ್ನು ಕಟ್ಟಿ ಮತಭೇದವಿಲ್ಲದ ಶಿಕ್ಷಣಕ್ಕೆ ಮಾದರಿಯಾದರು. ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು 1934 ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಶಾಲೆಯನ್ನು ತೆರೆದರು. ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಇಂದಿಗೂ ಜನರ ಬಾಯಲ್ಲಿದೆ. ಆ ಫಲಕವು ಒಂದು ಕಾಲದ ಶಾಲಾ ಧೋರಣೆಯ ಸಂಪೂರ್ಣ ವಿಮರ್ಶೆಯೆಂದರೆ ತಪ್ಪಾಗದು.

1948 ರ ಸೆಪ್ಟೆಂಬರದಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1950 ರ ಸಂವಿಧಾನವು, ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವಯಸ್ಸಿನ ವರೆಗಿನ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ತನ್ನ 45 ನೆಯ ಅನುಚ್ಛೇದದಲ್ಲಿ ವಿಧಿಸಿತು. ಹೈದರಾಬಾದು ವಿಧಾನಮಂಡಲವು 1952 ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯದೆಯನ್ನು ಮಾಡಿತು. 1956 ರ ನವಂಬರ 1 ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ, 1961 ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಕಡ್ಡಾಯ ಶಿಕ್ಷಣದ ಕಾಯದೆಯು ಬಂದಿತು. ಈ ಕಾಯದೆಗಳ ದೃಷ್ಟಿಯು ಮುಖ್ಯವಾಗಿ ಪಾಲಕನ ಮೇಲೆ ನೆಟ್ಟಿದ್ದಿತು. ಮಗುವನ್ನು ಶಾಲೆಗೆ ಕಳಿಸುವದು ಅವನ ಕರ್ತವ್ಯ, ಕಳಿಸದಿದ್ದರೆ ದಂಡ. ದನ ಕಾಯುವ ಹುಡುಗನೂ ತಮ್ಮನನ್ನು ಎತ್ತಿಕೊಂಡ ಹುಡುಗಿಯೂ ಮನೆಯ ದುಡಿಮೆಯ ಅಂಗವೇ ಆಗಿದ್ದ ಸೀಮೆಯಲ್ಲಿ, ದಂಡದ ಭಯದಿಂದ ಶಾಲೆ ತುಂಬುವದು ಸಾಧ್ಯವಿರಲಿಲ್ಲ.

ಸಂವಿಧಾನದ ಇನ್ನೆರಡು ಅನುಚ್ಛೇದಗಳು ಮಠದ ಭಕ್ತರಿಗೆ ವಿಶೇಷವಾಗಿ ತಿಳಿದಿರತಕ್ಕವು. 28 ನೆಯದರ ಪ್ರಕಾರ, ಸಂಪೂರ್ಣ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಸಲ್ಲದು. ಸರಕಾರದ ಮಾನ್ಯತೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯಲ್ಲಿ ಬಾಲಕನನ್ನು ಪಾಲಕರ ಒಪ್ಪಿಗೆ ಇಲ್ಲದೆ ಮತಬೋಧೆಗೆ ಕೂಡ್ರಿಸಲಾಗದು. 29 ನೆಯದರ ಪ್ರಕಾರ, ಬೊಕ್ಕಸದ ಸಹಾಯ ಪಡೆಯುವ ಸಂಸ್ಥೆಯು ಮತ, ಕುಲ, ಜಾತಿ, ಭಾಷೆಗಳ ಕಾರಣದಿಂದಲೇ ಯಾವ ನಾಗರಿಕನಿಗೂ ಪ್ರವೇಶವನ್ನು ನಿರಾಕರಿಸಲಾಗದು. ಹಣದ ಬೆನ್ನ ಹಿಂದೆ ನಿಯಮವು ಬರುವದು ಸಹಜವೇ. ಕೆಲವರು ಇದನ್ನು ಸ್ವಾತಂತ್ರ್ಯಕ್ಕೆ ತೊಡಕೆಂದು ಬಗೆದುದುಂಟು. ಆದರೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸುವ ದಾಸೋಹದ ಪರಂಪರೆಗೆ ಈ ನಿಯಮವು ಹೊರೆಯಲ್ಲ. ತನ್ನದೇ ಮಾತನ್ನು ಸರಕಾರದ ಬಾಯಿಂದ ಕೇಳಿದಂತೆಯೇ ಸರಿ.

ಆ ದಾಸೋಹ ಶಬ್ದವೇ ಮುಂದೆ ಸರಕಾರದ ದಫ್ತರವನ್ನು ಪ್ರವೇಶಿಸಿತು. 2002 ರಲ್ಲಿ ರಾಯಚೂರು ಮೊದಲಾದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟವು ‘ಅಕ್ಷರ ದಾಸೋಹ’ ಎಂಬ ಹೆಸರಿನಿಂದ ಆರಂಭವಾಯಿತು. ದಂಡವು ಮಾಡಲಾಗದ ಕೆಲಸವನ್ನು ಅನ್ನವು ಮಾಡತೊಡಗಿತು. ಅದೇ ವರ್ಷ ಸಂವಿಧಾನಕ್ಕೆ 86 ನೆಯ ತಿದ್ದುಪಡಿಯಾಗಿ ಶಿಕ್ಷಣವು ಮೂಲಭೂತ ಹಕ್ಕಾಯಿತು; 2009 ರ ಶಿಕ್ಷಣ ಹಕ್ಕು ಕಾಯದೆಯು 2010 ರ ಏಪ್ರಿಲ್ 1 ರಿಂದ ಜಾರಿಗೆ ಬಂದಿತು. ಇಲ್ಲಿ ಭಾರದ ದಿಕ್ಕೇ ಬದಲಾಯಿತು. ಆರರಿಂದ ಹದಿನಾಲ್ಕು ವಯಸ್ಸಿನ ಮಗುವಿಗೆ ಹತ್ತಿರದ ಶಾಲೆಯನ್ನು ಒದಗಿಸುವದು ಸರಕಾರದ ಹೊಣೆಯಾಯಿತು. ವಯಸ್ಸಿನ ದಾಖಲೆ ಇಲ್ಲವೆಂಬ ನೆಪದಿಂದ ಮಗುವನ್ನು ಹಿಂದಕ್ಕೆ ಕಳಿಸಲಾಗದಂತಾಯಿತು. ಅನುದಾನರಹಿತ ಖಾಸಗಿ ಶಾಲೆಗಳು ತಮ್ಮ ಮೊದಲ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದೂ, ಅದರ ವೆಚ್ಚವನ್ನು ಸರಕಾರವು ನಿಯಮಾನುಸಾರ ತುಂಬಿಕೊಡುವದೆಂದೂ ಗೊತ್ತಾಯಿತು. 2019 ರಲ್ಲಿ ಕರ್ನಾಟಕ ಸರಕಾರವು, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಈ ಸ್ಥಾನಗಳ ಅವಶ್ಯಕತೆಯಿಲ್ಲವೆಂದು ನಿಯಮವನ್ನು ತಿದ್ದಿತು. ಸರಕಾರದ ಹಣವು ಖಾಸಗಿ ಶಾಲೆಗೆ ಹರಿಯುವದಕ್ಕಿಂತ ಸರಕಾರಿ ಶಾಲೆಯನ್ನೇ ಬಲಪಡಿಸಲೆಂಬುದು ಒಂದು ಪಕ್ಷ. ಬಡವನ ಮಗುವಿಗೆ ತೆರೆದ ಬಾಗಿಲು ಮುಚ್ಚಿತೆಂಬುದು ಇನ್ನೊಂದು ಪಕ್ಷ. ಸರಕಾರಿ ಶಾಲೆಯು ನಿಜವಾಗಿ ಬಲಗೊಂಡರೆ ಮಾತ್ರ ಮೊದಲನೆಯ ಪಕ್ಷವು ನ್ಯಾಯವೆನಿಸುವದು.

ಇನ್ನು ಈ ಸೀಮೆಗೇ ವಿಶಿಷ್ಟವಾದ ಕಾಯದೆಯ ಮಾತು. ನಿಜಾಮರ ಒಂದೇ ರಾಜ್ಯವು 1956 ರಲ್ಲಿ ಮೂರು ಪಾಲಾಯಿತು. ಮರಾಠವಾಡಕ್ಕೂ ತೆಲಂಗಾಣಕ್ಕೂ ಅದೇ ವರ್ಷ 371 ನೆಯ ಅನುಚ್ಛೇದದ ಮೂಲಕ ವಿಶೇಷ ಏರ್ಪಾಡುಗಳಾದವು. 1973 ರಲ್ಲಿ ಆಂಧ್ರಪ್ರದೇಶಕ್ಕೆ 371-ಡಿ ಅನುಚ್ಛೇದವು ದೊರೆಯಿತು. ಒಂದೇ ಬಗೆಯ ಕಷ್ಟವನ್ನುಂಡ ಕನ್ನಡ ಜಿಲ್ಲೆಗಳಿಗೆ ಮಾತ್ರ ಅಂಥದೇನೂ ಸಿಕ್ಕಲಿಲ್ಲ. ಡಾ. ನಂಜುಂಡಪ್ಪನವರ ಸಮಿತಿಯು 2002 ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಗುರುತಿಸಿದಾಗ, ಅವುಗಳಲ್ಲಿ 21 ಈ ಭಾಗದವೇ ಆಗಿದ್ದವು. ವೈಜನಾಥ ಪಾಟೀಲರು ಮೊದಲಾದವರ ದೀರ್ಘ ಹೋರಾಟದ ತರುವಾಯ 2012 ರಲ್ಲಿ ಸಂಸತ್ತು 371-ಜೆ ಅನುಚ್ಛೇದವನ್ನು ಅಂಗೀಕರಿಸಿತು. 2013 ರ ಆಜ್ಞೆಯಂತೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ರಾಜ್ಯದ ಇತರ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳೂ ಸ್ಥಳೀಯರಿಗೆ ಮೀಸಲಾದವು. ಪ್ರದೇಶದ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯೂ ನಿಧಿಯೂ ಏರ್ಪಟ್ಟವು. 2019 ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಬಸವಾದಿ ಪ್ರಮಥರ ಕಲ್ಯಾಣವನ್ನು ನೆನೆವವರಿಗೆ ಆ ಹೆಸರು ಹರ್ಷದಾಯಕವು.

ಸ್ಥಳೀಯನೆಂದರೆ ಯಾರು? ಹುಟ್ಟಿನಿಂದಲಾದರೂ ವಾಸದಿಂದಲಾದರೂ ಈ ನೆಲಕ್ಕೆ ಸೇರಿದವನೆಂದು ಸಂವಿಧಾನವು ಉತ್ತರಿಸುವದು. ಹಳೆಯ ಮುಲ್ಕಿ ಮಾತಿನ ಪಡಿನುಡಿಯು ಇಲ್ಲಿ ಕೇಳಬರುವದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲಸಿದ ರೈತರ ಸಂತತಿಯೂ, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಹುಟ್ಟಿ ಬೆಳೆದ ವಂಗೀಯ ಕುಟುಂಬಗಳ ಸಂತತಿಯೂ ಈ ಸೀಮೆಯ ಶಾಲೆಗಳಲ್ಲಿಯೇ ಕನ್ನಡವನ್ನು ಕಲಿತಿರುವದು. ಹುಟ್ಟನ್ನಷ್ಟೇ ಅಲ್ಲದೆ ವಾಸವನ್ನೂ ಮನ್ನಿಸುವ ಕಾಯದೆಯು, ಬಂದವರನ್ನು ತನ್ನವರೆನ್ನುವ ನಾಡಿನ ಗುಣಕ್ಕೆ ಅನುಗುಣವಾಗಿಯೇ ಇದೆ.

ಆದರೂ ಒಂದು ಮಾತನ್ನು ಮರೆಯಲಾಗದು. 371-ಜೆಯ ಬಾಗಿಲು ಇರುವದು ಮೇಲಿನ ಮಾಳಿಗೆಯಲ್ಲಿ. ವೈದ್ಯಕೀಯ, ಕೃಷಿ, ತಾಂತ್ರಿಕ ವಿದ್ಯೆಗಳ ಮಾಳಿಗೆಯದು. ಅಲ್ಲಿಗೆ ಹೋಗುವ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲುಗಳು ಊರ ಶಾಲೆಯಲ್ಲಿವೆ. 2011 ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75.36 ಇದ್ದಾಗ ರಾಯಚೂರು ಜಿಲ್ಲೆಯದು 59.56 ಮಾತ್ರ. ಮಳೆ ತಪ್ಪಿದ ವರ್ಷ ತಂದೆತಾಯಿಗಳೊಡನೆ ಗುಳೆ ಹೋಗಿ, ತಿರುಗಿ ಬಂದಾಗ ಪಾಠವನ್ನೆಲ್ಲ ಮರೆತಿರುವ ಬಾಲಕನಿಗೆ, ಏಳನೆಯ ತರಗತಿಗೇ ಶಾಲೆ ಬಿಟ್ಟ ಬಾಲಿಕೆಗೆ, ನೂರಕ್ಕೆ 70 ಸ್ಥಾನಗಳಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಓದಿ ಮೇಲೇರಿದವನೂ ಅರ್ಹತಾಪತ್ರವನ್ನು ಸಕಾಲದಲ್ಲಿ ಪಡೆಯದಿದ್ದರೆ ಕೈಗೆ ಬಂದ ಸ್ಥಾನವನ್ನು ಕಳೆದುಕೊಳ್ಳುವನು.

ಈ ಎಡೆಯಲ್ಲಿಯೇ ಮಠದ ಮತ್ತು ಸದ್ಭಕ್ತರ ಕಾರ್ಯವು ಉಳಿದಿದೆ. ಗುಳೆ ಹೋದವರ ಮಕ್ಕಳಿಗೆ ಪ್ರಸಾದನಿಲಯದಲ್ಲಿ ಇಂಬು ಕೊಡುವದು. ಹೆಣ್ಣುಮಕ್ಕಳು ಶಾಲೆ ಬಿಡದಂತೆ ಮನೆ ಮನೆಗೆ ಹೋಗಿ ಹೇಳುವದು. ಅಕ್ಷರವರಿಯದ ಪಾಲಕನ ಅರ್ಜಿಯನ್ನು ಬರೆದುಕೊಟ್ಟು, ಬೇಕಾದ ಕಾಗದಗಳನ್ನು ಹೊಂದಿಸಿಕೊಡುವದು. ಇವು ಸಣ್ಣ ಕೆಲಸಗಳಾಗಿ ಕಂಡರೂ ಕಾಯಕವೇ ಸರಿ. ಭಾಲ್ಕಿಯ ಫಲಕದ ಕಾಲದಲ್ಲಿ ಕಾಯದೆಯ ಕಣ್ಣು ತಪ್ಪಿಸಿ ಕಲಿಸಬೇಕಾಗಿದ್ದಿತು. ಈ ಕಾಲದಲ್ಲಿ ಕಾಯದೆಯೇ ಕೈ ಹಿಡಿದು ಕರೆಯುತ್ತಿರುವದು. ಆ ಕರೆಯು ಜವಳಗೇರಾದ ಕಡೆಯ ಗುಡಿಸಲಿನ ಕಡೆಯ ಮಗುವಿನ ಕಿವಿಗೆ ಮುಟ್ಟುವಂತಾದರೆ, ಶ್ರೀಮಠದ ಈ ಮಹೋತ್ಸವವು ಸಾರ್ಥಕವಾಗುವದು. ಸರ್ವರಿಗೂ ಸನ್ಮಂಗಳವಾಗಲಿ.