ಹಾಡೋರಿಲ್ಲದ ತಂಬೂರಿ

ಮೊನ್ನೆ ಶ್ರಾವಣ ಶುಕ್ರವಾರ ಅರಿಶಿಣ-ಕುಂಕುಮಕ್ಕ ನಮ್ಮನಿಗೆ ಬಂದಾಗ ಎದುರುಮನಿ ವೈನಿ ಅಡಿಗಿಮನಿ ಕಡೆ ಕಿವಿಗೊಟ್ಟು ಕೇಳಿದ್ರು, "ಏನ್ರೀ, ನಿಮ್ಮ ಫ್ರಿಜ್ಜು ಕೆಟ್ಟದೇನು? ಗುಂಯ್ ಅಂತ ಒಂದಽ ಸಮ ಸಪ್ಪಳ ಮಾಡ್ಲಿಕ್ಕತ್ತದಲ್ಲ!" ಫ್ರಿಜ್ಜು ನೆಟ್ಟಗಽ ಇತ್ತು. ಅದು ನಾ ಹಚ್ಚಿಟ್ಟಿದ್ದ ಸಂಗೀತ. ಎಲ್ಲಾರೂ ನಕ್ಕರು, ನಾನೂ ನಕ್ಕೆ. "ಇದಕ್ಕ ಹಾಡು ಅಂತಾರೇನವಾ?" ಅಂತ ದೊಡ್ಡ ಕಾಕು ಕೇಳಿದ್ದಕ್ಕ ಮಾತ್ರ ಕೋಸಂಬರಿ ಹಂಚೋ ಗಡಿಬಿಡಿಯೊಳಗ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಇವತ್ತ ಕೊಡ್ತೀನಿ. ಸ್ವಲ್ಪ ಉದ್ದ ಅದ, ಯಾಕಂದ್ರ ಅದು ನಮ್ಮ ಕುಂದಗೋಳದ ಕಡೆಯಿಂದಽ ಶುರು ಆಗ್ತದ.

ಕಿರಾನಾ ಘರಾಣೆ ಅಂದ್ರ ನಮಗ ಮನಿಮಾತು. ಅಬ್ದುಲ್ ಕರೀಂ ಖಾನ್ ಸಾಹೇಬ್ರು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಹತ್ರ ಕಲೀಲಿಕ್ಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗ್ತಿದ್ದ ಗಂಗೂಬಾಯಿ ಹಾನಗಲ್ಲರು. ಇದಿಷ್ಟು ಎಲ್ಲಾರಿಗೂ ಗೊತ್ತು. ಆದ್ರ ಅದಽ ಘರಾಣೆದ ಇನ್ನೊಂದು ಟೊಂಗಿ ಸಮುದ್ರ ದಾಟಿ ಹೋತು. ಕರೀಂ ಖಾನರ ಬಳಗದವರಽ ಆದ ಅಬ್ದುಲ್ ವಹೀದ್ ಖಾನ್ ಸಾಹೇಬ್ರಿಗೆ ಪಂಡಿತ ಪ್ರಾಣನಾಥ ಅಂತ ಒಬ್ಬ ಶಿಷ್ಯ ಇದ್ದರು. 1918ರಾಗ ಲಾಹೋರಿನ್ಯಾಗ ಹುಟ್ಟಿದವರು. ಮನಿಯವರಿಗೆ ಸಂಗೀತ ಬ್ಯಾಡಾಗಿತ್ತು, ಹುಡುಗ ಮನೀನಽ ಬಿಟ್ಟು ಉಸ್ತಾದರ ಸೇವಾಕ್ಕ ನಿಂತ. ಅವರು 1970ರಾಗ ನ್ಯೂಯಾರ್ಕಿಗೆ ಹೋದಾಗ ಅಲ್ಲೆ ಲಾ ಮಾಂಟ್ ಯಂಗ್, ಮೇರಿಯನ್ ಜಜೀಲಾ ಅನ್ನೋ ಗಂಡ-ಹೆಂಡತಿ ಅವರ ಶಿಷ್ಯರಾದರು. ಇವರಿಬ್ಬರೂ ಅದಕ್ಕಿಂತ ಮೊದಲಽ ಒಂದು ಸ್ವರಾ ಹಿಡದು ತಾಸುಗಟ್ಟಲೆ ಬಿಡದಽ ಕೂಡೋ ಮಂದಿ. ತಂಬೂರಿ ಸಿಕ್ಕಮ್ಯಾಲೆ ಹುಡುಕಿದ್ದು ಕೈಗೆ ಸಿಕ್ಕಂಗಾತು.

ತಂಬೂರಿ ನಮಗೇನು ಹೊಸಾದಲ್ಲ. ನಾಕು ತಂತಿ, ಪ-ಸಾ-ಸಾ-ಸಾ. ಕುದುರಿ ಮ್ಯಾಲೆ ಪ್ರತಿ ತಂತಿ ಕೆಳಗ ಒಂದೆಳಿ ಜವಾರಿ ದಾರ. ಆ ದಾರ ಕೂದಲೆಳಿಯಷ್ಟು ಸರದ್ರ ಸಾಕು, ಒಂದು ತಂತಿಯೊಳಗಿಂದ ಹತ್ತು ನಾದ ಎದ್ದು ಬರ್ತಾವ. ಆದ್ರ ಕಛೇರಿಯೊಳಗ ತಂಬೂರಿ ಕೂಡೋದು ಹಿಂದ. ಬಾರಸೋದು ಭಾಳ ಸಲ ಯಾರೋ ಶಿಷ್ಯಳು. ಮಂದಿ ಚಪ್ಪಾಳಿ ಹೊಡದು ಎದ್ದು ಹೋಗ್ತಾರ, ಆ ಹುಡುಗಿ ಹೆಸರು ಯಾರೂ ಕೇಳಂಗಿಲ್ಲ.

ಯಂಗ್ ಮತ್ತ ಜಜೀಲಾ 1982ರಾಗ ಏನು ಮಾಡಿದ್ರು ಅಂದ್ರ, ಗುರುಗಳ ತಂಬೂರಿಗಳನ್ನ ಶ್ರುತಿ ಮಾಡಿ, ಒಂದು ತಾಸಿಗಿಂತ ಹೆಚ್ಚು ಹೊತ್ತು ಬರೇ ಅದನ್ನಽ ಬಾರಿಸಿ ರೆಕಾರ್ಡ್ ಮಾಡಿದ್ರು. ಹಾಡೋರು ಯಾರೂ ಇಲ್ಲ, ತಬಲಾ ಇಲ್ಲ. 1999ರಾಗ ಅದು ಸಿಡಿಯಾಗಿ ಬಂತು. ಹೆಸರು 'ದ ತಂಬೂರಾಸ್ ಆಫ್ ಪಂಡಿತ್ ಪ್ರಾಣ್ ನಾಥ್'. ವೈನಿ ಫ್ರಿಜ್ಜು ಅಂದದ್ದು ಇದಕ್ಕಽ.

ನಾ ಇದನ್ನ ಯಾಕ ಹಿಡಕೊಂಡೆ ಅಂತ ಹೇಳಬೇಕಂದ್ರ ಮಾವಶಿ ಸುದ್ದಿ ಹೇಳಬೇಕು. ಮಾವಶಿ ಲಗ್ನಕ್ಕಿಂತ ಮೊದಲು ಹನ್ನೊಂದು ವರ್ಷ ಗಾಯನ ಕಲತಾಕಿ. ಗುರುಗಳ ಹಿಂದ ತಂಬೂರಿ ಹಿಡದು ಎಷ್ಟು ರಾತ್ರಿ ಕೂತಿದ್ಲೋ ಏನೋ. ಲಗ್ನದಾಗ ತಂಬೂರಿನೂ ಕೂಡ ಬಂತು, ಆದ್ರ ಹದಿನಾಲ್ಕು ಮಂದಿ ಮನಿಯೊಳಗ ಅದಕ್ಕ ಹೊತ್ತು ಬರಲಿಲ್ಲ. ಗವಸಣಿಗಿ ಹಾಕಿ ಮೂಲ್ಯಾಗ ನಿಂತಿತ್ತು, ಆಮ್ಯಾಲೆ ಅಟ್ಟಕ್ಕ ಹೋತು, ಕಡೀಕೆ ಸೋರಿಬುರುಡಿ ಸೀಳಿತು. ಹ್ವಾದ ಚಳಿಗಾಲದಾಗ ಆಕಿ ನಮ್ಮನಿಯೊಳಗಽ ಹಾಸಿಗಿ ಹಿಡದಿದ್ಲು. ಯಾವ ಭಜನಿ ಹಚ್ಚಿದ್ರೂ "ಬಂದ್ ಮಾಡು, ತಲಿ ನೋಯ್ತದ" ಅಂತಿದ್ಲು. ಒಂದಿನ ಮಧ್ಯಾಹ್ನ ಇದನ್ನ ಸಣ್ಣಗ ಹಚ್ಚಿ ನಾ ಕಾಯಿಪಲ್ಯಾ ಹೆಚ್ಚಲಿಕ್ಕೆ ಕೂತೆ. ತಿರುಗಿ ನೋಡ್ತೀನಿ, ಚಾದರದ ಮ್ಯಾಲೆ ಆಕಿ ಬೆರಳು ಆಡ್ಲಿಕ್ಕತ್ತಾವ. ನಡುಬೆರಳು ಒಮ್ಮೆ, ತೋರುಬೆರಳು ಮೂರು ಸಲ.

"ಇವರು ಯಾರ ಹಿಂದ ಕೂತಾರ?" ಅಂತ ಕೇಳಿದ್ಲು.

"ಯಾರ ಹಿಂದನೂ ಇಲ್ಲ ಮಾವಶಿ. ಇವರಽ ಮುಂದ ಕೂತಾರ."

ಭಾಳ ಹೊತ್ತು ಸುಮ್ನಿದ್ಲು. ಮುಗದ ಮ್ಯಾಲೆ "ಮೊದಲಿಂದ ಹಚ್ಚು" ಅಂದ್ಲು.

ಇದಕ್ಕ ಕಿವಿ ಹೊಂದಿದ ಮ್ಯಾಲೆ ಇನ್ನೂ ಎರಡು ಹೇಳ್ತೀನಿ. ಎರಡೂ ಹೆಣ್ಣಮಕ್ಕಳವು, ಇಬ್ಬರೂ 1932ರಾಗ ಹುಟ್ಟಿದವರು.

ಒಬ್ಬಾಕಿ ಅಮೇರಿಕಾದ ಹ್ಯೂಸ್ಟನ್ನಿನ ಪಾಲೀನ್ ಒಲಿವೆರೋಸ್. ಆಕಿ ವಾದ್ಯ ಅಕಾರ್ಡಿಯನ್, ಅಂದ್ರ ನಮ್ಮ ಪೇಟಿಯ ತಂಗಿ, ಎದಿಗೆ ಕಟಗೊಂಡು ಬಾರಸೋದು. 21 ತುಂಬಿದಾಗ ತಾಯಿ ಆಕಿಗೆ ಒಂದು ಟೇಪ್ ರೆಕಾರ್ಡರ್ ಕೊಟ್ಟರು. ಆಕಿ ಮೈಕು ಕಿಡಕಿಯೊಳಗ ಇಟ್ಟು ಹೊರಗಿನ ಸಪ್ಪಳ ತುಂಬಿಕೊಂಡಳು. ತಿರುಗಿ ಕೇಳಿದ್ರ, ಅಲ್ಲೇ ಕೂತಿದ್ರೂ ತನ್ನ ಕಿವಿಗೆ ಬೀಳದ ಎಷ್ಟೋ ಸಪ್ಪಳ ಟೇಪಿನ್ಯಾಗ ಇದ್ದುವು. ಅವತ್ತಿಂದ ಕೇಳೋದಽ ಆಕಿ ಸಾಧನಾ ಆತು. 1988ರಾಗ ಇಬ್ಬರು ಜೊತಿಗಾರರನ್ನ ಕರಕೊಂಡು ವಾಷಿಂಗ್ಟನ್ ರಾಜ್ಯದ ಫೋರ್ಟ್ ವರ್ಡೆನ್ ಅನ್ನೋ ಕಡೆ ನೆಲದಾಗ 14 ಫೂಟು ಕೆಳಗಿನ ಖಾಲಿ ನೀರಿನ ಟಾಕಿಯೊಳಗ ಇಳದಳು. ಅಲ್ಲೆ ಒಂದು ಸ್ವರಾ ಬಿಟ್ಟರ 45 ಸೆಕೆಂಡು ನಿಲ್ಲತದ. ಗೋಳಗುಮ್ಮಟದಾಗ ಚೀರಿ ಬಂದವರಿಗೆ ಇದು ತಿಳೀತದ. ಅಷ್ಟು ಗುಂಗಿನ್ಯಾಗ ಗಡಿಬಿಡಿ ಮಾಡಲಿಕ್ಕೆ ಬರಂಗಿಲ್ಲ, ಹಿಂದಿನ ಸ್ವರಾ ಕೇಳಿಯಽ ಮುಂದಿಂದು ಇಡಬೇಕು. 1989ರಾಗ ಬಂದ ಆ ಅಲ್ಬಮ್ ಹೆಸರು 'ಡೀಪ್ ಲಿಸನಿಂಗ್'.

ಇನ್ನೊಬ್ಬಾಕಿ ಫ್ರಾನ್ಸಿನ ಎಲಿಯಾನ್ ರಾಡಿಗ್. ಮೂರು ಮಕ್ಕಳ ತಾಯಿ. ಹೊಸಾ ನಮೂನಿ ಸಂಗೀತ ಮೊದಲು ಕೇಳಿದ್ದು ರೇಡಿಯೋದಾಗ. ದೊಡ್ಡವರ ಸ್ಟುಡಿಯೋದಾಗ ಕೈಕೆಳಗ ದುಡದು, ಕಡೀಕೆ ಎಆರ್‌ಪಿ 2500 ಅನ್ನೋ ಸಿಂಥಸೈಜರ್ ತಂದು ಮನಿಯೊಳಗಽ ಇಟಗೊಂಡಳು. ಕೀಬೋರ್ಡ್ ಬ್ಯಾಡ ಅಂತ ಬಿಟ್ಟು, ಬರೇ ಗುಂಡಿ ತಿರುವಿ ನಾದ ನಿಧಾನ ಬದಲಿ ಮಾಡೋದು. ಟೇಪಿಗೆ ತುಂಬುವಾಗ ಕಡೀ ನಿಮಿಷದಾಗ ತಪ್ಪಿದ್ರೂ ಮತ್ತ ಮೊದಲಿಂದ. ಆಕಿ 'ಟ್ರಿಲೊಜಿ ದ ಲಾ ಮೋರ್' ಅಂದ್ರ ಸಾವಿನ ಮೂರು ಭಾಗ, ಸುಮಾರು ಮೂರು ತಾಸು. ಮೊದಲನೇದು 1988ರಾಗ ಆತು. 1989ರಾಗ ಮಗ ಮೋಟಾರ ಅಪಘಾತದಾಗ ಹ್ವಾದ. ಆಮ್ಯಾಲೆ ಬಂದ ಎರಡನೇ ಭಾಗದ ಹೆಸರು 'ಕೈಲಾಶಾ', ಮನಸಿನ್ಯಾಗಽ ಕೈಲಾಸ ಪರ್ವತದ ಪ್ರದಕ್ಷಿಣಿ. ಅದರೊಳಗ ಅಳು ಇಲ್ಲ, ಸಮಾಧಾನದ ಮಾತೂ ಇಲ್ಲ. ನಡಿಯೋದು ಒಂದಽ. ಮಾವಶಿ ಹೋಗಿ ಹದಿಮೂರು ದಿನದ ಗದ್ದಲ ಮುಗದು ಮನಿ ಬಣಬಣ ಅಂದಾಗ ನಾ ಕೇಳಿದ್ದು ಇದನ್ನ.

ಕೇಳೋ ಪದ್ಧತಿ ಇಷ್ಟಽ: ಮೋಬೈಲಿನ ಸ್ಪೀಕರಿನ್ಯಾಗ ಬ್ಯಾಡ, ಕೆಳಗಿನ ನಾದ ಎಲ್ಲಾ ಸತ್ತು ಹೋಗ್ತಾವ. ಜ್ವರ ಬಂದ ಕೂಸು ಮಲಗಿದ ಮನಿಯೊಳಗ ಹಚ್ಚಿದಂಗ ಸಣ್ಣಗ ಹಚ್ಚರಿ. ಮೊದಲ ಹತ್ತು ನಿಮಿಷ ಬ್ಯಾಸರಾ ಬರ್ತದ, ಬರಲಿ. ತಂಬೂರಿಯಿಂದ ಶುರು ಮಾಡ್ರಿ, ರಾಡಿಗ್ ಕಡೀಕೆ ಇರಲಿ.

ಕಾಕು, ಇದಕ್ಕ ಹಾಡು ಅಂತಾರೋ ಇಲ್ಲೋ ನಂಗೂ ಹೇಳಲಿಕ್ಕೆ ಬರಂಗಿಲ್ಲ. ಬರೋ ಮಂಗಳವಾರ ಮಧ್ಯಾಹ್ನ ಹೂಬತ್ತಿ ಮಾಡೋ ಹತ್ತಿ ತಗೊಂಡು ಬರ್ರಿ, ಕೂತು ಕೇಳೋಣು. ವೈನೀನೂ ಕರಕೊಂಡು ಬರ್ರಿ. ಫ್ರಿಜ್ಜು ಬಂದ್ ಮಾಡಿ ಇಟ್ಟಿರ್ತೀನಿ.